ಪರಸಿ ಕಲ್ಲಿನ ತರಿ, ಗಾಜಿನ ನುಣುಪು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರಿಗೆ ಪರಸಿ ಕಲ್ಲು ಹೊಸದಲ್ಲ. ಪಾಲಿಶ್ ಆದದ್ದು ಯಾವುದು, ಆಗದ್ದು ಯಾವುದು ಅಂತ ಅಂಗಾಲೇ ಹೇಳಿಬಿಡುತ್ತೆ. ಮೊಬೈಲ್ ಗಾಜು ಮಾತ್ರ ಯಾವ ಚಿತ್ರ ತೋರಿಸಿದರೂ ಒಂದೇ ನುಣುಪು.

ಇದಕ್ಕೊಂದು ದಾರಿ ಕಂಡದ್ದು ಬಲ್ಬ್ ಹೋಲ್ಡರಿನಲ್ಲಿ. ದೀಪ ಉರಿಯುವಾಗ ಹಿತ್ತಾಳೆಯ ಹೋಲ್ಡರ್ ಬೆರಳಿಗೆ ಬೇರೆಯೇ ಅನ್ನಿಸುತ್ತೆ ಅಂತ ಅಮೆರಿಕದ ಎಡ್ವರ್ಡ್ ಮ್ಯಾಲಿನ್‌ಕ್ರೋಟ್ ಗಮನಿಸಿದರು. 1953ರಲ್ಲಿ ಅವರ ತಂಡ ಅದನ್ನು 'ಸೈನ್ಸ್' ಪತ್ರಿಕೆಯಲ್ಲಿ ಬರೆಯಿತು. 2010ರಲ್ಲಿ ಡಿಸ್ನಿ ರಿಸರ್ಚ್‌ನವರು 'ಟೆಸ್ಲಾಟಚ್' ಹೆಸರಲ್ಲಿ ಅದೇ ತತ್ವವನ್ನು ಟಚ್‌ಸ್ಕ್ರೀನಿಗೆ ತಂದರು. ಪರದೆಯೊಳಗೆ ಏರಿಳಿಯುವ ವೋಲ್ಟೇಜ್, ಜಾರುವ ಬೆರಳನ್ನು ಸೆಳೆದು ಬಿಡುತ್ತೆ. ಘರ್ಷಣೆ ಬದಲಾದಂತೆ ತರಿತರಿ ಅನ್ನಿಸುತ್ತೆ. ಬೆರಳು ನಿಂತರೆ ಏನೂ ಇಲ್ಲ.

ಇದರಿಂದ ನಮಗೇನು? ಸನ್ನತಿ ಹತ್ತಿರದ ಕನಗನಹಳ್ಳಿ ನೋಡಿ. ಅಲ್ಲಿನ ಶಿಲ್ಪಫಲಕದಲ್ಲಿ ಅಶೋಕ ಇದ್ದಾನೆ, ಜೊತೆಗೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಅಂತ ಹೆಸರು. ಪರಸಿಯಂತೆ ಅದೂ ಸುಣ್ಣದ ಕಲ್ಲೇ. ಬಂದವರೆಲ್ಲ ಮುಟ್ಟಿದರೆ ಅಕ್ಷರ ಸವೆಯುತ್ತೆ. ಮುಟ್ಟಬಾರದು ಅಂದರೆ, ಕಣ್ಣು ಕಾಣದವರು ನೋಡೋದು ಹೇಗೆ? ಇಂಥ ಪರದೆ ಆ ಗೆರೆಗಳನ್ನು ಅವರ ಬೆರಳಿಗೆ ತಲುಪಿಸಬಹುದು. ಉಳಿ ಕೊರೆದ ಆಳ ಸಿಗಲ್ಲ. ಆದರೆ ಆ ಹೆಸರು ಸಿಗಬಹುದು.