ನೋಡುವವರನ್ನು ನೋಡಿದ ಪೆಟ್ಟಿಗೆ

ನಾನು ಚಿಕ್ಕವಳಿದ್ದಾಗ ಧಾರಾವಾಹಿಯ ಹೊತ್ತಿಗೆ ಕರೆಂಟ್ ಹೋದರೆ ಆ ದಿನದ ಕಥೆಯೂ ಹೋದಂತೆಯೇ. ಮರುದಿನ ಅಮ್ಮ ಕರೆಂಟ್ ಇದ್ದ ಬೀದಿಯವರನ್ನು ಕೇಳಿ ತಿಳಿದುಕೊಳ್ಳುತ್ತಿದ್ದಳು. 2008ರಲ್ಲಿ ಟಾಟಾ ಸ್ಕೈ ಪ್ಲಸ್ ಎಂಬ ರೆಕಾರ್ಡ್ ಮಾಡುವ ಪೆಟ್ಟಿಗೆ ಭಾರತಕ್ಕೂ ಬಂತಾದರೂ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಅದನ್ನು ಕಂಡ ನೆನಪಿಲ್ಲ. ಅದರ ನಿಜವಾದ ಜಗಳಗಳೆಲ್ಲ ಅಷ್ಟರೊಳಗೆ ಅಮೆರಿಕದಲ್ಲಿ ನಡೆದುಹೋಗಿದ್ದವು.

ಕಾರ್ಯಕ್ರಮವನ್ನು ಹಿಡಿದಿಟ್ಟು ಆಮೇಲೆ ನೋಡುವುದು ಅಲ್ಲಿ ಹೊಸದೇನಲ್ಲ. ಮನೆಯಲ್ಲಿ ಹಾಗೆ ಮಾಡುವುದು ತಪ್ಪಲ್ಲವೆಂದು ಸೋನಿಯ ಬೀಟಾಮ್ಯಾಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1984ರಲ್ಲೇ, ಐದಕ್ಕೆ ನಾಲ್ಕರ ಬಹುಮತದಿಂದ, ಹೇಳಿತ್ತು. ಆದರೆ ವಿಸಿಆರ್‌ಗೆ ಟೈಮರ್ ಇಡುವುದು ಎಲ್ಲರ ಕೈಲಾಗುವ ಕೆಲಸವಾಗಿರಲಿಲ್ಲ. ಎಷ್ಟೋ ಮನೆಗಳಲ್ಲಿ ಅದರ ಗಡಿಯಾರ ವರ್ಷಗಟ್ಟಲೆ 12:00 ಎಂದೇ ಮಿನುಗುತ್ತಿತ್ತು.

1999ರಲ್ಲಿ ಮಾರುಕಟ್ಟೆಗೆ ಬಂದ ಟಿವೊ, ರೀಪ್ಲೇಟಿವಿ ಪೆಟ್ಟಿಗೆಗಳಲ್ಲಿ ಟೇಪಿನ ಬದಲು ಹಾರ್ಡ್ ಡಿಸ್ಕ್ ಇತ್ತು. ನೋಡುತ್ತಿರುವ ಚಾನೆಲನ್ನು ಪೆಟ್ಟಿಗೆ ಸದಾ ಡಿಸ್ಕಿಗೆ ಬರೆದುಕೊಳ್ಳುತ್ತಲೇ ಇರುವುದರಿಂದ, ನೇರ ಪ್ರಸಾರವನ್ನೂ ನಿಲ್ಲಿಸಿ ಬಾಗಿಲು ತೆರೆದು ಬರಬಹುದಿತ್ತು. ಧಾರಾವಾಹಿಯ ಹೆಸರು ಹೇಳಿದರೆ ಸಾಕು, ಕಂತುಗಳನ್ನು ತಾನೇ ಹುಡುಕಿ ಇಡುತ್ತಿತ್ತು. ಕಾರ್ಯಕ್ರಮ ಪಟ್ಟಿಯನ್ನು ಟಿವೊ ತರಿಸಿಕೊಳ್ಳುತ್ತಿದ್ದುದು ಮನೆಯ ಟೆಲಿಫೋನ್ ತಂತಿಯ ಮೂಲಕ. ಈ ತಂತಿ ಮುಂದೆ ಮುಖ್ಯವಾಗುತ್ತದೆ.

ಜಗಳ ಹುಟ್ಟಿದ್ದು ಜಾಹೀರಾತಿನಿಂದ. ಟಿವೊ ಮೂವತ್ತು ಸೆಕೆಂಡು ಹಾರಿಸುವ ಸೌಲಭ್ಯವನ್ನು ರಿಮೋಟ್ ಗುಂಡಿಗಳ ಗುಟ್ಟಿನ ಸರಣಿಯೊಂದರ ಹಿಂದೆ ಅಡಗಿಸಿಟ್ಟು ಜಾಣತನ ತೋರಿತು. ರೀಪ್ಲೇಟಿವಿ ಮಾತ್ರ 2001ರಲ್ಲಿ ಜಾಹೀರಾತನ್ನು ತಾನಾಗಿಯೇ ಹಾರಿಸುವ ಪೆಟ್ಟಿಗೆಯನ್ನು ತಂದಿತು. ದೊಡ್ಡ ಸ್ಟುಡಿಯೊಗಳೂ ಚಾನೆಲ್‌ಗಳೂ ಕೋರ್ಟಿಗೆ ಹೋದವು. ಮರುವರ್ಷ ಟರ್ನರ್ ಬ್ರಾಡ್‌ಕಾಸ್ಟಿಂಗ್‌ನ ಮುಖ್ಯಸ್ಥ ಜೇಮಿ ಕೆಲ್ನರ್, ಜಾಹೀರಾತು ಹಾರಿಸುವುದು ಕಳ್ಳತನವೆಂದರು. ಶೌಚಾಲಯಕ್ಕೆ ಎದ್ದು ಹೋಗುವವರ ಕಥೆಯೇನು ಎಂಬ ಪ್ರಶ್ನೆಗೆ, ಅದಕ್ಕೆ ಸ್ವಲ್ಪ ವಿನಾಯಿತಿ ಕೊಡಬಹುದೆಂದರಂತೆ! ಓದಿದಾಗ ನಗು ಬಂತು. ಆದರೆ ಅವರ ಲೆಕ್ಕದಲ್ಲಿ ಅದು ತಮಾಷೆಯಲ್ಲ: ಟಿವಿ ಪುಕ್ಕಟೆಯಲ್ಲ, ಅದರ ಬೆಲೆ ನಿಮ್ಮ ಕಣ್ಣು.

ಅದೇ ಮೊಕದ್ದಮೆಯಲ್ಲಿ, ಪಾಠಪುಸ್ತಕಗಳು ಅಷ್ಟಾಗಿ ಹೇಳದ ಒಂದು ಘಟನೆ ಇದೆ. 2002ರ ವಸಂತದಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರೊಬ್ಬರು, ಗ್ರಾಹಕರು ಏನು ನೋಡುತ್ತಾರೆ, ಏನನ್ನು ಹಾರಿಸುತ್ತಾರೆ ಎಂದು ದಾಖಲಿಸುವ ಸಾಫ್ಟ್‌ವೇರ್ ಬರೆಯಿರಿ ಎಂದು ರೀಪ್ಲೇಟಿವಿಯ ಒಡೆಯರಾದ ಸೋನಿಕ್‌ಬ್ಲೂ ಕಂಪನಿಗೇ ಆದೇಶಿಸಿದರು. ಸಾಕ್ಷ್ಯಕ್ಕಾಗಿ ಸ್ವಂತ ಗ್ರಾಹಕರ ಮೇಲೆ ಬೇಹುಗಾರಿಕೆ! ಮೇ ಕೊನೆಯಲ್ಲಿ ಮೇಲಿನ ನ್ಯಾಯಾಧೀಶೆ ಅದನ್ನು ರದ್ದುಪಡಿಸಿದರು. ಪ್ರಕರಣ ತೀರ್ಮಾನವಾಗುವ ಮೊದಲೇ, 2003ರಲ್ಲಿ, ಸೋನಿಕ್‌ಬ್ಲೂ ದಿವಾಳಿಯೆದ್ದಿತು. ಹೊಸ ಒಡೆಯರು ಮುಂದಿನ ಮಾದರಿಯಿಂದ ಆ ಸೌಲಭ್ಯವನ್ನೇ ತೆಗೆದರು.

ಆದರೆ ಕೋರ್ಟಿನ ಬಲವಂತವಿಲ್ಲದೆಯೇ ಟಿವೊ ಅಂಥದ್ದೇ ಲೆಕ್ಕ ಇಡುತ್ತಿತ್ತು. 2004ರ ಫೆಬ್ರವರಿ 1ರಂದು ಸೂಪರ್ ಬೌಲ್ ವಿರಾಮದ ಹಾಡಿನಲ್ಲಿ ಜಾನೆಟ್ ಜಾಕ್ಸನ್ ಅವರ ಉಡುಪು ಕ್ಷಣಕಾಲ ಸರಿಯಿತು. ತಾನು ಅಳೆದ ಕ್ಷಣಗಳಲ್ಲೆಲ್ಲ ಅತಿ ಹೆಚ್ಚು ಬಾರಿ ಹಿಂದಕ್ಕೋಡಿಸಿ ನೋಡಿದ್ದು ಇದನ್ನೇ ಎಂದು ಟಿವೊ ಹೆಮ್ಮೆಯಿಂದ ಪ್ರಕಟಿಸಿತು. ಹೆಸರಿಲ್ಲದ ಒಟ್ಟು ಅಂಕಿಅಂಶವಷ್ಟೇ ಎಂಬ ಸಮಜಾಯಿಷಿಯೂ ಇತ್ತು. ಆದರೂ ಎಷ್ಟೋ ಗ್ರಾಹಕರು ಬೆಚ್ಚಿಬಿದ್ದರು. ಕಾರ್ಯಕ್ರಮ ಪಟ್ಟಿ ಒಳಗೆ ಬರುತ್ತಿದ್ದ ಟೆಲಿಫೋನ್ ತಂತಿಯಲ್ಲೇ ತಮ್ಮ ಬೆರಳಿನ ಒಂದೊಂದು ಒತ್ತೂ ಹೊರಗೆ ಹೋಗುತ್ತಿತ್ತೆಂದು ಅವರಲ್ಲಿ ಅನೇಕರಿಗೆ ತಿಳಿದದ್ದು ಆ ಸುದ್ದಿ ಓದಿದಾಗಲೇ.