ವೀರಗಲ್ಲು ಮತ್ತು ನಮ್ಮ ಮೃತರ ಸ್ಮರಣೆ



ನವೆಂಬರ್ 2ರ ಮೃತರ ಸ್ಮರಣೆಯ ದಿನದಂದು ನಾವು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತೇವೆ. ಗತಿಸಿದವರಿಗಾಗಿ ಕಲ್ಲು ನಿಲ್ಲಿಸುವ ರೂಢಿ ಈ ನಾಡಿನಲ್ಲಿ ಬಹಳ ಹಳೆಯದು. ಬಸವೇಶ್ವರನಗರದಂಥ ಬಡಾವಣೆಯಲ್ಲಿರುವ ನಮಗೆ ಬೆಂಗಳೂರು ನಿನ್ನೆ ಮೊನ್ನೆಯ ಊರೆನಿಸಬಹುದು. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನವೊಂದು ‘ಬೆಂಗಳೂರು ಕಾಳಗ’ದಲ್ಲಿ ಮಡಿದವರನ್ನು ಸ್ಮರಿಸುತ್ತದೆ.

ಯುದ್ಧದಲ್ಲಿ, ತುರುಗಳನ್ನು ಕಾಯುವಲ್ಲಿ ಪ್ರಾಣ ಕೊಟ್ಟವರಿಗಾಗಿ ನಿಲ್ಲಿಸಿದ ಕಲ್ಲುಗಳೇ ವೀರಗಲ್ಲುಗಳು. ಹಲವು ವೀರಗಲ್ಲುಗಳಲ್ಲಿ ಮೂರು ಹಂತಗಳಿರುತ್ತವೆ. ಕೆಳಗೆ ಹೋರಾಟ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವ ದೃಶ್ಯ, ಮೇಲೆ ಅವನು ತನ್ನ ದೇವರ ಸನ್ನಿಧಿಯಲ್ಲಿರುವ ಚಿತ್ರ. ಸಾವೇ ಕೊನೆಯಲ್ಲವೆಂದು ನಮ್ಮ ಪೂರ್ವಿಕರೂ ನಂಬಿದ್ದರು.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇನ್ನೂ ವಿಶೇಷವಾದುದು. ಗಂಗ ಅರಸ ಇಮ್ಮಡಿ ಬೂತುಗನ ವೀರನಾದ ಮಣಲೇರನು ತನ್ನ ಶೌರ್ಯಕ್ಕೆ ಬಹುಮಾನವಾಗಿ ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಅದು ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ಕ್ರಿ.ಶ. 949-50ರ ಸುಮಾರಿಗೆ ಅದಕ್ಕೂ ಕಲ್ಲು ನಿಂತಿತು, ಭೂಮಿ ದಾನವಾಯಿತು. ಆ ಭೂಮಿಯನ್ನು ಅನುಭವಿಸುವ ಅರ್ಚಕನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುವುದೆಂದು ಶಾಸನ ಎಚ್ಚರಿಸುತ್ತದೆ.

ನಾವು ಕಲ್ಲನ್ನು ಪೂಜಿಸುವವರಲ್ಲ. ಆದರೂ ಆ ಮಾತಿನಲ್ಲಿ ನಮಗೊಂದು ಪಾಠವಿದೆ. ಕಲ್ಲು ನಿಲ್ಲಿಸಿದವರು ನೆನೆಯುವ ಹೊಣೆಯನ್ನೂ ಒಬ್ಬನಿಗೆ ವಹಿಸಿದರು. ದೂರದ ಐರ್ಲೆಂಡಿನ ಕೆಲವು ಹಳ್ಳಿಗಳಲ್ಲಿ ಶವಯಾತ್ರೆ ತಂಗಿದ ಸ್ಥಳದಲ್ಲಿ ಜನರು ಪ್ರಾರ್ಥಿಸಿ ಕಲ್ಲನ್ನಿಡುತ್ತಿದ್ದರು. ಜೋರ್ಡನ್ ನದಿಯಿಂದ ಎತ್ತಿದ ಹನ್ನೆರಡು ಕಲ್ಲುಗಳನ್ನು ಯೆಹೋಶುವನು ನಿಲ್ಲಿಸಿದ್ದೂ, ಮುಂದೆ ಮಕ್ಕಳು ಕೇಳಿದಾಗ ಹಿರಿಯರು ದೇವರ ಉಪಕಾರವನ್ನು ತಿಳಿಸಲೆಂದೇ.

ಹೇಳುವವರಿಲ್ಲದೆ ಎಷ್ಟೋ ವೀರಗಲ್ಲುಗಳು ಮೋರಿಯ ಚಪ್ಪಡಿಗಳಾದವು. ನಾವಾದರೋ ಸಮಾಧಿಗೆ ಗ್ರಾನೈಟ್ ಹಾಸಿದೊಡನೆ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ನಮ್ಮ ಮುತ್ತಜ್ಜಿಯ ಹೆಸರು ಎಷ್ಟು ಮಕ್ಕಳಿಗೆ ಗೊತ್ತು?

ಈ ನವೆಂಬರಿನಲ್ಲಿ ಪ್ರತಿ ಸಂಜೆ ಊಟಕ್ಕೆ ಮುನ್ನ, ನಮ್ಮ ಮನೆತನದ ಒಬ್ಬ ಮೃತರ ಹೆಸರು ಹೇಳಿ ಅವರ ಆತ್ಮಶಾಂತಿಗಾಗಿ ಪ್ರಾರ್ಥಿಸೋಣ. ಅವರು ಯಾರೆಂದು ಮಕ್ಕಳು ಕೇಳಿದರೆ, ಊಟ ತಡವಾದರೂ ಚಿಂತೆಯಿಲ್ಲ, ಕುಳಿತು ಹೇಳೋಣ.