ಕಂದು ನಾಯಿಗಾಗಿ ಹೊತ್ತಿ ಉರಿದ ಲಂಡನ್

1910ರ ಮಾರ್ಚ್ 10. ಲಂಡನ್ನಿನ ಬ್ಯಾಟರ್‌ಸೀ ಬಡಾವಣೆಯಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ನಗರಸಭೆಯ ನಾಲ್ವರು ಕೆಲಸಗಾರರು ಅಲ್ಲಿದ್ದ ಪ್ರತಿಮೆಯೊಂದನ್ನು ಕಿತ್ತು ಸಾಗಿಸಿದರು. ಅವರ ಕಾವಲಿಗೆ ಬಂದಿದ್ದ ಪೊಲೀಸರು 120 ಮಂದಿ! ಪ್ರತಿಮೆ ರಾಜನದ್ದೂ ಅಲ್ಲ, ಸೇನಾನಿಯದ್ದೂ ಅಲ್ಲ. ಕಂದು ಬಣ್ಣದ ಒಂದು ನಾಯಿಯದು.

ಈ ನಾಯಿಯ ಕಥೆ ಶುರುವಾದದ್ದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ. 1902ರ ಡಿಸೆಂಬರ್‌ನಲ್ಲಿ ಪ್ರೊಫೆಸರ್ ಅರ್ನೆಸ್ಟ್ ಸ್ಟಾರ್ಲಿಂಗ್ ಅದರ ಹೊಟ್ಟೆ ಕೊಯ್ದು, ಮೇದೋಜೀರಕ ಗ್ರಂಥಿಯ ನಾಳವನ್ನು ಕಟ್ಟಿದ್ದರು. 1903ರ ಫೆಬ್ರುವರಿ 2ರಂದು ಫಲಿತಾಂಶ ನೋಡಲು ಮತ್ತೆ ಹೊಟ್ಟೆ ಬಿಡಿಸಿದರು. ಅನಂತರ ಅದೇ ನಾಯಿಯನ್ನು ಸಹೋದ್ಯೋಗಿ ವಿಲಿಯಂ ಬೇಲಿಸ್ ಅವರಿಗೆ ಒಪ್ಪಿಸಿದರು. ಬೇಲಿಸ್ ಸುಮಾರು 60 ವಿದ್ಯಾರ್ಥಿಗಳ ಎದುರು ಅದರ ಕುತ್ತಿಗೆ ಕೊಯ್ದು, ನರಕ್ಕೆ ವಿದ್ಯುತ್ ಹರಿಸಿದರು. ಜೊಲ್ಲು ಸ್ರವಿಸುವ ಒತ್ತಡ ರಕ್ತದೊತ್ತಡವನ್ನು ಅವಲಂಬಿಸಿಲ್ಲ ಎಂದು ತೋರಿಸುವುದು ಉದ್ದೇಶ. ಅರ್ಧ ಗಂಟೆ ಪ್ರಯತ್ನಿಸಿದರೂ ಪ್ರಯೋಗ ಕೈಗೂಡಲಿಲ್ಲ. ಕೊನೆಗೆ ಹೆನ್ರಿ ಡೇಲ್ ಎಂಬ ಯುವಕ ನಾಯಿಯನ್ನು ಕೊಂದ. (ಈ ಡೇಲ್‌ಗೆ 1936ರಲ್ಲಿ ನೊಬೆಲ್ ಬಹುಮಾನ ಬಂತು.)

ಆ ತರಗತಿಯಲ್ಲಿ ಸ್ವೀಡನ್ನಿನ ಇಬ್ಬರು ಮಹಿಳೆಯರೂ ಕುಳಿತಿದ್ದರು. ಲಿಜ್ಜಿ ಲಿಂಡ್ ಆಫ್ ಹಾಗೆಬಿ ಮತ್ತು ಲೀಸಾ ಶಾರ್ಟೌ. ಜೀವಂತ ಪ್ರಾಣಿಗಳ ಛೇದನವನ್ನು ಕಣ್ಣಾರೆ ಕಂಡು ಬರೆಯಬೇಕೆಂದೇ ಅವರು ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆ ಸೇರಿದ್ದರು. ನಾಯಿ ಒದ್ದಾಡುತ್ತಿತ್ತು, ಅರಿವಳಿಕೆಯ ವಾಸನೆಯೇ ಬರಲಿಲ್ಲ, ವಿದ್ಯಾರ್ಥಿಗಳು ನಗುತ್ತಿದ್ದರು ಎಂದು ದಿನಚರಿಯಲ್ಲಿ ದಾಖಲಿಸಿದರು. ಇದನ್ನು ಓದಿದ ವಕೀಲ ಸ್ಟೀಫನ್ ಕೋಲ್ರಿಜ್ 1903ರ ಮೇ ತಿಂಗಳಲ್ಲಿ ಬಹಿರಂಗ ಸಭೆಯಲ್ಲಿ ಬೇಲಿಸ್ ವಿರುದ್ಧ ಹರಿಹಾಯ್ದರು. ಬೇಲಿಸ್ ಮಾನನಷ್ಟ ಮೊಕದ್ದಮೆ ಹೂಡಿದರು.

ಬ್ರಿಟನ್ನಿನಲ್ಲಿ ಆಗಲೇ 1876ರ ಕಾಯ್ದೆ ಇತ್ತು. ಪ್ರಾಣಿಗೆ ಅರಿವಳಿಕೆ ಕೊಡಬೇಕು, ಒಂದೇ ಪ್ರಯೋಗಕ್ಕೆ ಬಳಸಬೇಕು, ಮುಗಿದ ಮೇಲೆ ಕೊಲ್ಲಬೇಕು ಎಂಬುದು ಅದರ ಸಾಮಾನ್ಯ ನಿಯಮ. ನಾಯಿಯನ್ನು ಎರಡು ಬಾರಿ ಬಳಸಿದ್ದನ್ನು ಸ್ಟಾರ್ಲಿಂಗ್ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಎರಡನೆಯ ನಾಯಿಯ ಜೀವ ಉಳಿಸಲು ಹಾಗೆ ಮಾಡಿದ್ದಾಗಿ ಹೇಳಿದರು. ಮಾರ್ಫಿಯಾ ಕೊಡಲಾಗಿತ್ತು, ಅರಿವಳಿಕೆಯ ಕೊಳವೆ ಪ್ರೇಕ್ಷಕರ ಕಣ್ಣಿಗೆ ಬೀಳುತ್ತಿರಲಿಲ್ಲ ಎಂಬುದು ಬೇಲಿಸ್ ವಾದ. ಜ್ಯೂರಿ 25 ನಿಮಿಷಗಳಲ್ಲಿ ತೀರ್ಮಾನಿಸಿತು. ಕೋಲ್ರಿಜ್ 2000 ಪೌಂಡ್ ಪರಿಹಾರ ತೆರಬೇಕಾಯಿತು. ಬೇಲಿಸ್ ಆ ಹಣವನ್ನು ಕಾಲೇಜಿನ ಸಂಶೋಧನೆಗೇ ಕೊಟ್ಟರು.

ಸ್ಟಾರ್ಲಿಂಗ್ ಮತ್ತು ಬೇಲಿಸ್ ಅವರನ್ನು ಕಟುಕರೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. 1902ರಲ್ಲಿ ಇವರಿಬ್ಬರೂ ನಾಯಿಗಳ ಮೇಲೆ ಪ್ರಯೋಗ ನಡೆಸಿಯೇ ಸೆಕ್ರೆಟಿನ್ ಎಂಬ ರಸವನ್ನು ಕಂಡುಹಿಡಿದಿದ್ದರು. ಹಾರ್ಮೋನ್ ಎಂಬ ಪದವನ್ನು 1905ರಲ್ಲಿ ಬಳಕೆಗೆ ತಂದವರು ಸ್ಟಾರ್ಲಿಂಗ್. ಅದು ಸಂಶೋಧನೆ. ಫೆಬ್ರುವರಿ 2ರ ಪಾಠದ ಸಂಗತಿಯೇ ಬೇರೆ. ಜೊಲ್ಲಿನ ಒತ್ತಡದ ವಿಷಯವನ್ನು ಜರ್ಮನ್ ವಿಜ್ಞಾನಿ ಕಾರ್ಲ್ ಲುಡ್ವಿಗ್ ಅರ್ಧ ಶತಮಾನದ ಹಿಂದೆಯೇ ತೋರಿಸಿಕೊಟ್ಟಿದ್ದರು. ಗೊತ್ತಿದ್ದ ಸತ್ಯವನ್ನೇ ಮತ್ತೆ ತೋರಿಸಲು ಒಂದು ಜೀವ ಬೇಕಿತ್ತೇ? ಮಾನ ಹೋಯಿತೋ ಇಲ್ಲವೋ ಎಂದಷ್ಟೇ ನೋಡಬೇಕಿದ್ದ ಜ್ಯೂರಿಗೆ ಈ ಪ್ರಶ್ನೆ ಬೇಕಿರಲಿಲ್ಲ.

ಸೋತವರು ಸುಮ್ಮನಾಗಲಿಲ್ಲ. 1906ರ ಸೆಪ್ಟೆಂಬರ್ 15ರಂದು ಬ್ಯಾಟರ್‌ಸೀಯಲ್ಲಿ ನಾಯಿಯ ಪ್ರತಿಮೆ ಎದ್ದಿತು. ಬುಡದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಕುಡಿಯುವ ನೀರು. ನಾಯಿ ಕಾಲೇಜಿನಲ್ಲೇ ಸತ್ತಿತೆಂದು, 1902ರಲ್ಲಿ ಅದೇ ಜಾಗದಲ್ಲಿ 232 ನಾಯಿಗಳ ಛೇದನ ನಡೆಯಿತೆಂದು ಕಲ್ಲಿನಲ್ಲಿ ಕೆತ್ತಿಸಿದ್ದರು. ವೈದ್ಯಕೀಯ ವಿದ್ಯಾರ್ಥಿಗಳು ಕೆರಳಿದರು. 1907ರ ಡಿಸೆಂಬರ್ 10ರಂದು ಸಾವಿರದಷ್ಟು ಮಂದಿ ಕೋಲಿಗೆ ನಾಯಿ ಗೊಂಬೆ ಸಿಕ್ಕಿಸಿಕೊಂಡು ಬೀದಿಗಿಳಿದರು. ಟ್ರಫಾಲ್ಗರ್ ಚೌಕದಲ್ಲಿ ಪೊಲೀಸರೊಂದಿಗೆ ಹೊಡೆದಾಟವಾಯಿತು. ಮಹಿಳೆಯರ ಮತದಾನ ಹಕ್ಕಿನ ಸಭೆಗಳಿಗೂ ನುಗ್ಗಿ ದಾಂಧಲೆ ಎಬ್ಬಿಸಿದರು (ಆ ಹೆಂಗಸರಿಗೂ ನಾಯಿಗೂ ಏನು ಸಂಬಂಧವೋ!). ಪ್ರತಿಮೆಯ ಕಾವಲಿನ ಖರ್ಚಿನಿಂದ ಬೇಸತ್ತ ನಗರಸಭೆ ಕೊನೆಗೆ ಅದನ್ನೇ ಕಿತ್ತುಹಾಕಿತು. ಹೊಸ ಪ್ರತಿಮೆ ಬ್ಯಾಟರ್‌ಸೀ ಉದ್ಯಾನಕ್ಕೆ ಬಂದದ್ದು 1985ರಲ್ಲಿ.

ಜ್ಯೂರಿಯ ಮುಂದೆ ಬಾರದ ಆ ಪ್ರಶ್ನೆಗೆ ಭಾರತದ ಕಾನೂನಿನಲ್ಲಿ ಉತ್ತರವಿದೆ. ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಫಲವಾಗಿ ಬಂದದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದು ಪ್ರಯೋಗಗಳನ್ನು ನಿಷೇಧಿಸುವುದಿಲ್ಲ. ಆದರೆ ಕಾಲೇಜುಗಳಲ್ಲಿ ಪುಸ್ತಕ, ಮಾದರಿ, ಚಲನಚಿತ್ರಗಳಿಂದಲೇ ಕಲಿಸಲು ಸಾಧ್ಯವಿದ್ದರೆ ಪ್ರಾಣಿ ಪ್ರಯೋಗ ತಪ್ಪಿಸಬೇಕು, ಕೇವಲ ಕೈ ಪಳಗಲೆಂದು ಪ್ರಯೋಗ ಮಾಡಬಾರದು ಎನ್ನುತ್ತದೆ. ಕಾಯ್ದೆಯಲ್ಲಿ ಹೀಗಿದ್ದರೂ ನಮ್ಮ ಕಾಲೇಜುಗಳ ಮೇಣದ ತಟ್ಟೆಗಳ ಮೇಲೆ ಕಪ್ಪೆ, ಜಿರಳೆಗಳು ದಶಕಗಳ ಕಾಲ ಅಂಗಾತ ಮಲಗಿದ್ದವು. ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಈ ಕೊಯ್ತ ನಿಲ್ಲಿಸುವಂತೆ ವಿಶ್ವವಿದ್ಯಾಲಯ ಅನುದಾನ ಆಯೋಗ ಸೂಚಿಸಿದ್ದು 2014ರಲ್ಲಿ.